ಉಜ್ಜನಪ್ಪನವರ ರುಜು

ಫೆಬ್ರವರಿ 3, 1958. ಸೋಮವಾರ

ಇವತ್ತೂ ಏಳೂಕಾಲರ ಬಸ್ಸು ತಪ್ಪಿತು. ಅವ್ವನ ಕೃಪೆ. ರೊಟ್ಟಿ ಆತು ತಾಳು, ಚಟ್ನಿ ಆತು ತಾಳು ಎಂದು ಕಾಲು ಗಂಟೆ ಬಾಗಿಲಲ್ಲೇ ನಿಲ್ಲಿಸಿದಳು. ಎಂಟರ ಬಸ್ಸಿನಲ್ಲಿ ದಾವಣಗೆರೆಯಿಂದ ಹರಿಹರದವರೆಗೂ ನಿಂತೇ ಬಂದೆ. ಸೊಂಟ ಬಿದ್ದುಹೋಯಿತು.

ಅಮಲ್ದಾರರ ಕಚೇರಿಯಲ್ಲಿ ಆರ್ಡರ್ ಕೈಗೆ ಕೊಟ್ಟರು. ವಯಸ್ಕರ ಶಿಕ್ಷಣದ ಉಪಾಧ್ಯಾಯಿನಿ ಕೆಂಚಮ್ಮ — ಅಂದರೆ ನಾನು — ಎರಡು ತಿಂಗಳು ಡೆಪ್ಯುಟೇಶನ್ ಮೇಲೆ ಕರಿಬಂಡೆಗೆ. ಹೊಳೆದಂಡೆಯ ಆ ಬಂಡೆಯ ಮೇಲಿರುವ ಉರಿನಾಗರ ಯಜಮಾನ ಉಜ್ಜನಪ್ಪನವರಿಗೆ ರುಜು ಹಾಕುವುದನ್ನು ಕಲಿಸಬೇಕು. ಮಾರ್ಚ್ 31ರ ಸಾಯಂಕಾಲ ಐದು ಗಂಟೆಯೊಳಗೆ ಅವರು ಅಮಲ್ದಾರರ ಎದುರು ಸ್ವಂತ ಕೈಯಿಂದ ಹೆಸರು ಬರೆದರೆ ಬಂಡೆಯ ಹಕ್ಕುಪತ್ರ ಅವರ ಪಂಗಡಕ್ಕೆ. ಬರೆಯದಿದ್ದರೆ ಬಂಡೆ ಕಲ್ಲಿನ ಕಂಟ್ರಾಕ್ಟರಿಗೆ. ಮದ್ದು ಇಟ್ಟು ಒಡೆಯುತ್ತಾನೆ.

ಪಂಜಾದ ಗುರುತು ಒತ್ತಿಸಿಕೊಳ್ಳಿ ಸಾರ್, ಸಾಕಲ್ಲ ಅಂದೆ. ಕಂದಾಯದ ಶೇಕದಾರ ಹಾಲೇಶಪ್ಪ ನಕ್ಕರು. "ಹೋದ ವರ್ಷ ಆ ಕಂಟ್ರಾಕ್ಟರು ಗೊಬ್ರ ಎಳೆಯೋ ಗೋರೆ ಹಲ್ಲು ಮಸಿಯಾಗೆ ಅದ್ದಿ, ಕಾಗದಕ್ಕೆ ಒತ್ತಿ, ಇದೇ ಯಜಮಾನ್ರ ಪಂಜಾ ಅಂತ ತಂದಿದ್ದ ಕಣಮ್ಮ. ಆವಾಗಿಂದ ಪಂಜಾ ಬಂದ್."

ಸರಿ. ನಾಲ್ಕು ಅಕ್ಷರ ತಾನೆ. ಹತ್ತು ದಿನ ಸಾಕು ಸಾರ್ ಎಂದು ಅಮಲ್ದಾರರ ಮುಂದೆ ಜಂಬ ಕೊಚ್ಚಿ ಬಂದೆ.

ಫೆಬ್ರವರಿ 5. ಬುಧವಾರ

ಹತ್ತು ದಿನವಂತೆ. ನನ್ನ ನಾಲಿಗೆ ಬಿದ್ದುಹೋಗಲಿ.

ಕಡರನಾಯಕನಹಳ್ಳಿ ಕಡೆ ಹೋಗುವ ಎತ್ತಿನ ಗಾಡಿಯಲ್ಲಿ ಅರ್ಧ ದಾರಿ, ಆಮೇಲೆ ಮರಳಿನಲ್ಲಿ ಕಾಲೆಳೆಯುತ್ತಾ ಅರ್ಧ ದಾರಿ. ಬೆಂಕಿಯುಸಿರಿನ ಉರಿನಾಗರನ್ನು ದೂರದಿಂದ ಚಿಕ್ಕಂದಿನಲ್ಲೇ ನೋಡಿದ್ದೇನೆ, ಈ ಸೀಮೆಯಲ್ಲಿ ನೋಡದವರು ಯಾರು. ಹತ್ತಿರದಿಂದ ಇದೇ ಮೊದಲು. ಒಟ್ಟು ಇಪ್ಪತ್ತಮೂರು. ರೆಕ್ಕೆ ಮಡಚಿಕೊಂಡು ಮರಳಿನ ಮೇಲೆ ಸಾಲಾಗಿ ಕೂತಿದ್ದವು. ಯಜಮಾನರು ಎಲ್ಲಿ ಅಂದರೆ ಎಲ್ಲರೂ ಸಾಲಿನ ಕಟ್ಟಕಡೆಗೆ ನೋಡಿದರು. ಎರಡು ಗಾಡಿಯುದ್ದ ದೇಹ. ಹಳೆ ತಾಮ್ರದ ಹಂಡೆಯ ಬಣ್ಣ. ನನ್ನನ್ನು ನೋಡಿದ್ದೇ ತಲೆ ತಗ್ಗಿಸಿ ಮರಳಿಗೆ ತಾಗಿಸಿದರು. ನನಗೇ ನಾಚಿಕೆಯಾಯಿತು.

"ಬರ್ರಿ ಅಕ್ಕೋರೆ, ಕೂಡ್ರಿ. ಬಿಸ್ಲಾಗೆ ನಡ್ಕೊಂಡು ಬಂದೀರಿ" ಅಂದು ಒಂದು ರೆಕ್ಕೆ ಬಿಚ್ಚಿ ನೆರಳು ಮಾಡಿದರು.

ಸ್ಲೇಟು ತೆಗೆದೆ. ಶುರು ಮಾಡೋಣ ಯಜಮಾನ್ರೆ, ಮೊದಲು 'ಉ'.

"ಮೊದ್ಲು ಹುಡುಗ್ರು ಕಲೀಲಿ. ಆಮ್ಯಾಲೆ ದೊಡ್ಡೋರು. ನಾನು ಕಡೀಗೆ."

ನಿಮಗೊಬ್ಬರಿಗೇ ಬೇಕಾಗಿರುವುದು ಅಂದೆ. ಅಷ್ಟೇ ಮೆತ್ತಗೆ ಹೇಳಿದರು — ನೀರು, ಊಟ, ಬಿಸಿಲು, ಏನೇ ಬಂದರೂ ಅವರಲ್ಲಿ ಮುಂದೆ ನಿಲ್ಲುವವನು ಕಡೆಗೆ ತಗೋಬೇಕು. ಕಡೆಗೆ ತಗೋತಾನೆ ಅಂತಲೇ ಅವನನ್ನು ಯಜಮಾನ ಅನ್ನೋದು. ಅಕ್ಷರವೂ ಹಾಗೇ.

ಅಂದರೆ ಇಪ್ಪತ್ತೆರಡು ಉರಿನಾಗಗಳಿಗೆ ಅವರವರ ಹೆಸರು ಕಲಿಸಿದ ಮೇಲೆ ಇವರ ಸರದಿ. ತಲೆ ಮೇಲೆ ಕೈ ಹೊತ್ತು ಕೂತೆ.

ಬಂಡೆಯ ಬಿರುಕಿನಲ್ಲಿ ಮೂರು ಮೊಟ್ಟೆ ತೋರಿಸಿದರು. ಆ ಕಲ್ಲಿನ ಕಾವಿನಲ್ಲೇ ಇರಬೇಕಂತೆ. ಮಳೆಗಾಲದವರೆಗೆ ಅಲ್ಲಾಡಿಸಿದರೆ ಸತ್ತೇಹೋಗುತ್ತವಂತೆ. ಬಂಡೆ ಹೋದರೆ ಅವೂ ಹೋದವು. ಹೆದರಿಕೆಯಿಂದಲೇ ಕೇಳಿದೆ — ಈ ಮೊಟ್ಟೆಗಳೂ ಕಲಿಯಬೇಕೇನ್ರಿ?

ತಮಾಷೆ ಅಂತ ಅವರಿಗೆ ಹೊಳೆಯಲೇ ಇಲ್ಲ. ಬಹಳ ಹೊತ್ತು ಯೋಚಿಸಿ ಹೇಳಿದರು. "ಇಲ್ಲ ಅಕ್ಕೋರೆ. ಇನ್ನೂ ಹೆಸ್ರು ಇಟ್ಟಿಲ್ಲ."

ಫೆಬ್ರವರಿ 8. ಶನಿವಾರ

ನಮ್ಮ ಓಣಿಯ ಹಜೀರಾಬೀಯ ಭಟ್ಟಿಯಿಂದ ಒಂದು ಚೀಲ ಮಂಡಕ್ಕಿ ಹೊತ್ತುಕೊಂಡು ಹೋದೆ. ಯಜಮಾನರನ್ನು ಒಲಿಸಿಕೊಳ್ಳೋಣ ಅಂತ. ಚೀಲ ಆ ತುದಿಯಿಂದ ಈ ತುದಿಗೆ ಬಂತು. ಅವರ ಬಳಿ ಬರುವಷ್ಟರಲ್ಲಿ ತಳದಲ್ಲಿ ಹೊಟ್ಟು, ನಾಲ್ಕು ಕಾಳು. ಅದನ್ನೇ ನಾಲಿಗೆಯ ತುದಿಯಿಂದ ತೆಗೆದು, "ಭಾಳ ರುಚಿ ಐತ್ರಿ" ಅಂದರು. ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಖುಷಿ! ಇಂಥವರ ಹತ್ತಿರ ಜಗಳ ಆಡುವುದಾದರೂ ಹೇಗೆ.

ಇವತ್ತಿಗೆ ಒಂದು ಹೆಸರು ಮುಗಿದಿದೆ. ಇನ್ನು ಇಪ್ಪತ್ತೊಂದು, ಆಮೇಲೆ ಯಜಮಾನರು.

ಫೆಬ್ರವರಿ 15. ಶನಿವಾರ

ಒಡೆದ ಸ್ಲೇಟು ಒಂಬತ್ತು. ಬರೆಯುವಾಗ ಉಸಿರು ಬಿಗಿಹಿಡಿಯುತ್ತಾರೆ, ಮುಗಿದ ಮೇಲೆ ಒಮ್ಮೆಗೇ ಬಿಡುತ್ತಾರೆ. ಆ ಕಾವಿಗೆ ಸ್ಲೇಟು ಟಪ್ಪೆಂದು ಬಿರುಕು. ಇನ್ಸ್‌ಪೆಕ್ಟರಿಗೆ ಏನೆಂದು ರಿಪೋರ್ಟ್ ಬರೆಯಲಿ? "ಕಲಿಯುವವರ ಸಂತೋಷದಿಂದ ನಷ್ಟ" ಅಂತಲೇ?

ನಾಳೆಯಿಂದ ಮರಳಿನಲ್ಲೇ ಪಾಠ. ಬಿದಿರಿನ ಗಳ ಚೂಪು ಮಾಡಿಕೊಟ್ಟಿದ್ದೇನೆ. ಅದನ್ನು ಹಿಡಿಯುವುದಕ್ಕೇ ಎರಡು ದಿನ ಹಿಡಿಯುತ್ತದೆ ಒಬ್ಬೊಬ್ಬರಿಗೆ.

ಫೆಬ್ರವರಿ 20. ಗುರುವಾರ

ಇವತ್ತು ಕಂಟ್ರಾಕ್ಟರನ ಆಳುಗಳು ಬಂದು ಬಂಡೆಗೆ ಸುಣ್ಣದ ಗುರುತು ಹಾಕತೊಡಗಿದರು. ಇನ್ನೂ ನಲವತ್ತು ದಿನ ಇರುವಾಗಲೇ! ಗುತ್ತೆಪ್ಪನೆಂಬ ಎಳೆಯ ಉರಿನಾಗ ಮೂಗಿನಿಂದ ಹೊಗೆ ಬಿಡುತ್ತಾ ಎದ್ದ. ಅವನು ಒಮ್ಮೆ ಊದಿದರೆ ಸಾಕು, ಗುಡಾರ, ಹಗ್ಗ, ಆಳು ಎಲ್ಲ ಬೂದಿ. ಒಳಗೊಳಗೇ ನನಗೂ ಊದಲಿ ಅನ್ನಿಸಿತು. ಹೌದು, ಅನ್ನಿಸಿತು.

ಯಜಮಾನರು ಎದ್ದು ಬೈಯಲಿಲ್ಲ, ಕೂಗಲಿಲ್ಲ. ಗುತ್ತೆಪ್ಪನಿಗೂ ಆಳುಗಳಿಗೂ ನಡುವೆ ಬಂದು ಮಲಗಿದರು. ಅಷ್ಟೇ. ಆಮೇಲೆ ಹೊಳೆಗೆ ಹೋಗಿ ಬಾಯಿ ತುಂಬ ನೀರು ತಂದು ಆಳುಗಳ ಕೊಡಕ್ಕೆ ಸುರಿದರು.

"ಬಂಡೆ ಒಡೆಯೋಕೆ ಬಂದವರಿಗೆ ನೀರು ಕೊಡ್ತೀರಲ್ರಿ!" ಅಂತ ಕೂಗಾಡಿದೆ.

"ಬಾಯಾರಿತ್ತು ಅವ್ರಿಗೆ. ಗುರುತು ಹಾಕಿದ್ರೆ ಬಂಡೆ ಒಡೀತೈತೇನ್ರಿ? ಸುಣ್ಣ ಮಳೀಗೆ ಹೋಗ್ತೈತೆ ಬಿಡ್ರಿ."

ಮಳೆ ಬರುವುದು ಜೂನ್‌ನಲ್ಲಿ, ಯಜಮಾನ್ರೆ!

ಮಾರ್ಚ್ 8. ಶನಿವಾರ

ಬರೆಯಲು ಪುರಸೊತ್ತಿಲ್ಲ. ಹದಿನೆಂಟು ಆದವು. ಗಂಟಲು ಕಟ್ಟಿದೆ. ಅವ್ವ ಮೆಣಸಿನ ಕಷಾಯ ಮಾಡಿಕೊಟ್ಟು, "ಅವ್ರ ಹೆಸ್ರು ಬರ್ಸಿ ಬರ್ಸಿ ನಿನ್ನ ಹೆಸ್ರು ಮರ್ತೀಯ" ಅಂದಳು. ಕುಡಿದು ಮಲಗಿದೆ.

ಗುತ್ತೆಪ್ಪ ತನ್ನ ಹೆಸರನ್ನು ಮರಳಿನ ಮೇಲೆಲ್ಲ ಬರೆದುಕೊಂಡು ಓಡಾಡುತ್ತಾನೆ. ಹೊಳೆ ದಾಟಿ ಆ ದಡದಲ್ಲೂ ಬರೆದು ಬಂದಿದ್ದಾನಂತೆ. ಒಂದು ರೀತಿಯಲ್ಲಿ ಸಂತೋಷ.

ಮಾರ್ಚ್ 12. ಬುಧವಾರ

ಇಪ್ಪತ್ತೊಂದು ಮುಗಿದವು! ಇನ್ನು ಯಜಮಾನರ ಚಿಗವ್ವ ಮರಿಯವ್ವ ಒಬ್ಬಳು, ಆಮೇಲೆ ಅವರು. ಹತ್ತೊಂಬತ್ತು ದಿನ ಕೈಯಲ್ಲಿದೆ. ಬೇಕಾದಷ್ಟಾಯಿತು.

ಮರಿಯವ್ವನಿಗೆ ಮುನ್ನೂರು ವರ್ಷವಾದರೂ ಆಗಿರಬೇಕು. ಒಂದು ಕಣ್ಣಿಗೆ ಪೊರೆ. ಬಿದಿರಿನ ಗಳ ಮುಂದಿಟ್ಟೆ. ಮೂಸಿ ನೋಡಿ ಆ ಕಡೆ ತಿರುಗಿ ಮಲಗಿದಳು.

"ನಂಗೆ ಬ್ಯಾಡ."

ಬಾ ಬೇ, ಒಂದೇ ಅಕ್ಷರ ಅಂದೆ. ಬಾಲ ಸಹ ಅಲ್ಲಾಡಿಸಲಿಲ್ಲ.

ಮಾರ್ಚ್ 14. ಶುಕ್ರವಾರ

ಬ್ಯಾಡ.

ಮಾರ್ಚ್ 15. ಶನಿವಾರ

ಬ್ಯಾಡ. ಮಂಡಕ್ಕಿ ಮಾತ್ರ ತಿಂದಳು.

ಯಜಮಾನರ ಕಾಲಿಗೆ ಬೀಳುವುದೊಂದು ಬಾಕಿ. ನೀವು ಒಂದು ಮಾತು ಗದರಿಸಿ ಹೇಳಿ ಅಂದೆ. "ಗದರಿಸಿದ್ರೆ ಕಲ್ತಂಗಲ್ಲ ಅಕ್ಕೋರೆ, ಹೆದರ್ದಂಗೆ" ಅಂದರು. ಹಾಗಾದರೆ ಚಿಗವ್ವನನ್ನು ಬಿಟ್ಟು ನೀವು ಕಲಿಯಿರಿ. "ಅದೆಂಗಾಗ್ತೈತ್ರಿ?" ಈ ಮಾತನ್ನು ಎಷ್ಟು ಪ್ರೀತಿಯಿಂದ ಕೇಳುತ್ತಾರೆಂದರೆ ನನಗೆ ಕಲ್ಲಿಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ಮಾರ್ಚ್ 18. ಮಂಗಳವಾರ

ಬರೆಯಲೋ ಬೇಡವೋ ಅಂತ ಒಂದು ಗಂಟೆ ಯೋಚಿಸಿದೆ. ಯಾರು ಓದುತ್ತಾರೆ. ಬರೆಯುತ್ತೇನೆ.

ಮರಿಯವ್ವ ನಿದ್ದೆ ಮಾಡುವಾಗ ಎಡಗೈಯಲ್ಲಿ ಬಿದಿರಿನ ಗಳ ಹಿಡಿದು ಅವಳ ಮೂಗಿನ ಮುಂದೆ ಸೊಟ್ಟಸೊಟ್ಟಗೆ 'ಮರಿಯವ್ವ' ಎಂದು ಬರೆದೆ. ಹೋಗಿ ಯಜಮಾನರಿಗೆ ಹೇಳಿದೆ — ಚಿಗವ್ವ ಬರೆದುಬಿಟ್ಟರು. ಬಂದು ನೋಡಿದರು. ಅಕ್ಷರಗಳ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು, ಕಾಲು ತಗುಲದಂತೆ. ಮಲಗಿದ್ದ ಮರಿಯವ್ವನ ಪಾದಕ್ಕೆ ಹಣೆ ಮುಟ್ಟಿಸಿದರು. ಆಮೇಲೆ ನನ್ನ ಎದುರು ಬಂದು ಕೂತು, "ಈಗ ಹೇಳ್ರಿ ಅಕ್ಕೋರೆ" ಅಂದರು.

ಒಂದೇ ದಿನದಲ್ಲಿ 'ಉ' ಮತ್ತು 'ಜ್ಜ'. ಇಪ್ಪತ್ತೊಂದು ಮಂದಿಗೆ ಕಲಿಸುವುದನ್ನು ನೋಡಿ ನೋಡಿ ಅರ್ಧ ಬಂದೇಬಿಟ್ಟಿದೆ ಅವರಿಗೆ.

ಮೂರು ಮೊಟ್ಟೆಗೋಸ್ಕರ ಮಾಡಿದೆ. ತಪ್ಪಿಲ್ಲ.

ಮಾರ್ಚ್ 19. ಬುಧವಾರ

ಗೊತ್ತಾಯಿತು. ಬೆಳಿಗ್ಗೆ ಅವರೇ ಚಿಗವ್ವನ ಬಳಿ ಹೋಗಿ, ಭಾಳ ಚಂದ ಬರ್ದೀಯ ಬೇ ಅಂದರಂತೆ. "ನಾನೆಲ್ಲಿ ಬರ್ದೆ?" ಅಂದಳಂತೆ ಅವಳು.

ನಾನು ಹೋದಾಗ ಮರಳಿನ ಮೇಲೆ ಅವರ 'ಉಜ್ಜ' ಇನ್ನೂ ಇತ್ತು. ನನ್ನ ಎದುರಿಗೇ ಬಾಲದಿಂದ ಮೆಲ್ಲಗೆ ಒರೆಸಿದರು. ಹೋಗಿ ಸಾಲಿನ ಕಟ್ಟಕಡೆಗೆ ಕೂತರು.

"ನಾನು ಮುಂದ ಬಂದ್ಬಿಟ್ಟಿದ್ದೆ ಅಕ್ಕೋರೆ. ವಿಚಾರಿಸ್ದೆ ಬಂದೆ. ತಪ್ಪು ನಂದು."

ಬೈಯಬಾರದಿತ್ತೇ? ಸುಡಬಾರದಿತ್ತೇ? ಹೊಳೆಯವರೆಗೂ ಅಳುತ್ತಾ ಬಂದೆ. ಬಸ್ಸಿನಲ್ಲಿ ಸೆರಗು ಮುಚ್ಚಿಕೊಂಡು ಕೂತಿದ್ದೆ. ಹಾಲೇಶಪ್ಪ ಅದೇ ಬಸ್ಸಿನಲ್ಲಿದ್ದರು, ಹುಷಾರಿಲ್ಲೇನಮ್ಮ ಅಂದರು. ಹೂಂ ಅಂದೆ.

ಮಾರ್ಚ್ 22. ಶನಿವಾರ

ಹಬ್ಬಕ್ಕೆ ಎರಡು ದಿನ ಹೋಗಲಿಲ್ಲ. ಹೋಗಲು ಮುಖವಿರಲಿಲ್ಲ ಅನ್ನುವುದೇ ಸರಿ. ಹೋಳಿಗೆ ಕಟ್ಟಿಕೊಂಡು ಹೋಗಿ ಮರಿಯವ್ವನ ಮುಂದೆ ಇಟ್ಟು, ತಪ್ಪಾಯಿತು ಬೇ, ನಿನ್ನ ಹೆಸರು ನಾನು ಕದ್ದೆ ಅಂದೆ.

ಹೋಳಿಗೆ ಮೂಸಿ, ಒಂದೇ ಕಣ್ಣಿನಲ್ಲಿ ನನ್ನನ್ನು ನೋಡಿದಳು.

"ನಿಮ್ಮನ್ಯಾಗೆ ಯಾರ್ಯಾರು ಅದೀರಿ?"

ನಾನು, ಅವ್ವ. ಇಬ್ಬರೇ.

"ನಿಮ್ಮವ್ವಗೆ ಬರಿಯಾಕೆ ಬರ್ತೈತಾ?"

ಇಲ್ಲ ಅಂದೆ.

"ನಮ್ಮಾಗೆ ಮುಂದೆ ನಿಲ್ಲೋರು ಕಡೀಗೆ ಉಣ್ಣಬೇಕು. ನೀವು ಇಷ್ಟು ಮಂದಿ ಮುಂದೆ ನಿಂತೀರಿ. ನೀವು ಉಂಡು ಕೈ ತೊಳ್ದೀರಿ. ನಿಮ್ಮನ್ಯಾಗೆ ಒಬ್ಬಾಕಿ ಇನ್ನೂ ಉಂಡೇ ಇಲ್ಲ. ನಂಗೆ ಹೆಂಗೆ ಬಡಿಸ್ತೀರಿ? ಆಕಿ ಕಲೀಲಿ, ಆಮ್ಯಾಲೆ ನಾನು."

ಮೊದಲೇ ಹೇಳಬಾರದಿತ್ತೇ? ಹತ್ತು ದಿನ ಹಾಳಾಯಿತಲ್ಲ! "ನೀವು ಕೇಳ್ಲಿಲ್ಲಲ್ಲ. ಮಂಡಕ್ಕಿ ತಂದ್ರಿ."

ಕೋಪದಿಂದ ಎದ್ದು ಬಂದೆ. ದಾರಿಯುದ್ದಕ್ಕೂ ಮುದುಕಿಯನ್ನು ಬೈದೆ. ಬಸ್ಸು ಹತ್ತಿದ ಮೇಲೆ ಬೈಗುಳ ಸಾಲದಾಯಿತು.

ಮಾರ್ಚ್ 23. ಭಾನುವಾರ

ಅವ್ವನಿಗೆ ಹೇಳಿದೆ, ನಾಳೆ ಹರಿಹರಕ್ಕೆ ನಡಿ.

"ಯಾಕ? ಹೊಳಿ ಜಳಕಕ್ಕಾ?"

ಹೆಸರು ಬರೆಯೋದು ಕಲಿಯೋಕೆ ಅಂದೆ. ಬಿದ್ದು ಬಿದ್ದು ನಕ್ಕಳು. "ರೇಷನ್ ಅಂಗ್ಡಿಯಾಗೆ ನನ್ನ ಹೆಬ್ಬೆಟ್ಟು ಅಂದ್ರೆ ಎಲ್ರಿಗೂ ಗುರ್ತು ಐತೆ. ಈ ವಯಸ್ನಾಗೆ ಕೊಟ್ರವ್ವ ಅಂತ ಬರ್ದು ಎಲ್ಲಿ ಹಚ್ಚಲಿ?" ನಾನು ವಿವರಿಸಿದೆ — ಮರಿಯವ್ವ, ಮೊಟ್ಟೆ, ಎಂಟೇ ದಿನ. ಅವಳ ನಗು ನಿಂತುಹೋಯಿತು.

"ಹಂಗಾದ್ರೆ ಅವ್ರಿಗೋಸ್ಕರ."

ಹೌದವ್ವ ಅಂದೆ.

"ನೀನು ಅಕ್ಕೋರಾಗಿ ಹನ್ನೊಂದು ವರ್ಷ ಆತು ಕೆಂಚಿ. ನಿನ್ನ ಓದ್ಸಾಕೆ ಜಿನ್ನಿನಾಗೆ ಹತ್ತಿ ಧೂಳು ಕುಡ್ದೆ, ಅದು ಹೋಗ್ಲಿ. ದಿನಾ ಊರ ಮಂದಿಗೆಲ್ಲ ಕಲ್ಸಿ ಬರ್ತಿದ್ದೆ. ನಾನು ಒಲಿ ಮುಂದೆ ಕುಂತು, ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತಿದ್ದೆ. ಆಮ್ಯಾಲೆ ಬಿಟ್ಟೆ."

ನೀನೇ ಕೇಳಬಹುದಿತ್ತಲ್ಲ ಅಂತ ರೇಗಿದೆ. ಇಂಥ ಹೊತ್ತಿನಲ್ಲೂ ರೇಗುವುದೊಂದೇ ನನಗೆ ಬರುವುದು.

"ಯಾವಾಗ ಕೇಳ್ಲಿ? ಬೆಳಗಾದ್ರೆ ನಿಂಗೆ ಬಸ್ಸು. ರೊಟ್ಟಿ ನೆಪದಾಗೆ ಬಾಗ್ಲಾಗೆ ನಿಂದ್ರಿಸ್ಕೊಂಡ್ರೂ ತಪ್ತು ತಪ್ತು ಅಂತಿ."

ಬರಲ್ಲ ಹೋಗು ಅಂದು ಅಡಿಗೆಮನೆಗೆ ಹೋದಳು. ನನಗೆ ಊಟ ಸೇರಲಿಲ್ಲ. ನಾನು ಕೆಟ್ಟವಳಲ್ಲ ಅಂದುಕೊಂಡಿದ್ದೆ ಇಷ್ಟು ದಿನ.

ಮಾರ್ಚ್ 24. ಸೋಮವಾರ

ಎದ್ದು ನೋಡಿದರೆ ಅವ್ವ ಇಳಕಲ್ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಕಟ್ಟೆಯ ಮೇಲೆ ತಯಾರು. "ಏಳೇ, ಬಸ್ಸು ತಪ್ತೈತೆ."

ಉರಿನಾಗರನ್ನು ನೋಡಿ ಹೆದರಲಿಲ್ಲ. ಮರಿಯವ್ವನ ಪಕ್ಕ ಕೂತು, ಕಣ್ಣಿಗೆ ಏನು ಹಾಕ್ತೀರಿ ಅಂತ ವಿಚಾರಿಸಿದಳು. ಮಾತು ಮುಗಿಯಲೇ ಇಲ್ಲ. ಬಿಸಿಲು ಏರಿತು. ನಾನು ಬಿದಿರಿನ ಗಳ ಹಿಡಿದು ಎದುರು ನಿಂತೇ ಇದ್ದೆ. ಯಜಮಾನರು ಸಾಲಿನ ಕಟ್ಟಕಡೆಯಿಂದ ನೋಡಿ ಸಂತೋಷಪಡುತ್ತಿದ್ದರು.

ಸಾಯಂಕಾಲದ ಹೊತ್ತಿಗೆ 'ಕೊ'. ಅದೂ ಕೊಂಬು ಮುರಿದ 'ಕೊ'. ನಾನು ಗದರಿದೆ. ಮರಿಯವ್ವ ನನ್ನ ಕಡೆಗೆ ಬಿಸಿಯಾಗಿ ಉಸಿರು ಬಿಟ್ಟಳು. ಸೆರಗಿನ ಅಂಚು ಕಂದಿತು. ಆಮೇಲೆ ಗದರಲಿಲ್ಲ.

ಮಾರ್ಚ್ 27. ಗುರುವಾರ

ಅವ್ವ ಬರೆದಳು! ಇಡೀ ಹೆಸರು. ಎದ್ದು ನಿಂತು ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಇಷ್ಟೇನಾ ನಾನು?" ಅಂದಳು. ಆಮೇಲೆ ಪಕ್ಕದಲ್ಲೇ ಇನ್ನೂ ದೊಡ್ಡದಾಗಿ ಬರೆದಳು.

ಮರಿಯವ್ವ ಏಳುತ್ತಾ, "ಈಗ ತರ್ರಿ ಆ ಗಳ" ಅಂದಳು.

ಮಾರ್ಚ್ 29. ಶನಿವಾರ

ಮರಿಯವ್ವ ಮುಗಿಸಿದಳು. ಎರಡೇ ದಿನ! ಎಲ್ಲ ಕದ್ದು ನೋಡಿ ಕಲಿತಿದ್ದಳು, ಕಳ್ಳಿ.

ಮಾರ್ಚ್ 30. ಭಾನುವಾರ

ಯಜಮಾನರು ಬೆಳಿಗ್ಗೆ ಬಿದಿರಿನ ಗಳ ಹಿಡಿದರು. ಮಧ್ಯಾಹ್ನಕ್ಕೆ ಕಾಗದದ ಮೇಲೆ, ಮಸಿಯಲ್ಲಿ, ಹರಿಯದಂತೆ, ಸುಡದಂತೆ, ಉಜ್ಜನಪ್ಪ. ಒಂದೊಂದು ಅಕ್ಷರ ರೊಟ್ಟಿಯಗಲ. ಹಾಲೇಶಪ್ಪನವರಿಗೆ ಹೇಳಿ ನಾಲ್ಕು ಹಾಳೆ ಅಂಟಿಸಿಟ್ಟುಕೊಳ್ಳಲು ಒಪ್ಪಿಸಿದ್ದೇನೆ.

ನಾಳೆ ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲ ಮುಗಿಯುತ್ತದೆ. ಒಂದು ವಾರ ಮಲಗಿ ನಿದ್ದೆ ಮಾಡುತ್ತೇನೆ.

ಮಾರ್ಚ್ 31. ಸೋಮವಾರ. ಬೆಳಿಗ್ಗೆ 11-15. ಕಚೇರಿ ಜಗುಲಿ

ಮುಗಿಯಲಿಲ್ಲ.

ಕಂದಾಯ ಕಟ್ಟಲು ಇವತ್ತೇ ಕಡೇ ದಿನವಂತೆ. ಕಾಂಪೌಂಡ್ ತುಂಬ ರೈತರ ಕ್ಯೂ. ಯಜಮಾನರು ಹೋಗಿ ಕ್ಯೂವಿನ ಕಟ್ಟಕಡೆಗೆ ನಿಂತಿದ್ದಾರೆ. ಜೊತೆಗೆ ಬಂದ ಅವ್ವ ನನ್ನ ಪಕ್ಕದಲ್ಲಿ, ಮರಿಯವ್ವ ಕಾಂಪೌಂಡಿನ ಬೇವಿನಮರದ ಕೆಳಗೆ. ನಾನು ಇದನ್ನು ಯೋಚಿಸಬೇಕಿತ್ತು. ಎರಡು ತಿಂಗಳಾಯಿತು, ಯೋಚಿಸಬೇಕಿತ್ತು!

ಮಧ್ಯಾಹ್ನ 1-00

ಹಿಂದೆ ಬಂದವರಿಗೆಲ್ಲ "ನೀವು ಹೋಗ್ರಿ, ನೀವು ಹೋಗ್ರಿ." ಹತ್ತು ಮಂದಿ ಒಳಗೆ ಹೋದರೆ ಗೇಟಿನಿಂದ ಹನ್ನೆರಡು ಮಂದಿ. ನಿನ್ನ ಮೊಟ್ಟೆ ಏನಾಗ್ತವೆ ಮಾರಾಯ ಅಂತ ಏಕವಚನದಲ್ಲೇ ಕೂಗಿದೆ. ಅವರ ಕಣ್ಣಲ್ಲಿ ನೀರಿತ್ತು. ಮೂಗಿನ ಮೇಲೆ ಇಳಿಯುವಷ್ಟರಲ್ಲಿ ಆವಿಯಾಯಿತು.

"ನಂಗೂ ಜೀವ ಹೋಗ್ತೈತೆ ಅಕ್ಕೋರೆ. ಆದ್ರೆ ಮುಂದ ಹೋದ್ರೆ ನಾನು ಅವ್ರ ಯಜಮಾನ ಅಲ್ಲ. ಯಜಮಾನ ಅಲ್ದೋನು ರುಜು ಹಾಕಿದ್ರೆ ಅದೂ ಗೋರೆ ಹಲ್ಲಿನ ಗುರ್ತೇ ಅಲ್ಲೇನ್ರಿ?"

ವಾಪಸು ಬಂದು ಜಗುಲಿಯ ಮೇಲೆ ಕೂತೆ.

3-40

ಇನ್ನೂ ಮೂವತ್ತು ಮಂದಿ. ಕಂಟ್ರಾಕ್ಟರು ಎದುರಿನ ಹೋಟೆಲಿನಲ್ಲಿ ಕೂತು ನಾಲ್ಕನೇ ಚಹಾ ಕುಡಿಯುತ್ತಿದ್ದಾನೆ. ನನ್ನ ಕಡೆ ನೋಡಿ ಹಲ್ಲು ಕಿರಿದ.

ಅವ್ವ ಎದ್ದು ಎಲ್ಲಿಗೋ ಹೋದಳು. ಇಂಥ ಹೊತ್ತಿನಲ್ಲಿ!

ಅದೇ ದಿನ. ಸಾಯಂಕಾಲ 5-30. ಅದೇ ಜಗುಲಿ

ಆದದ್ದನ್ನು ಆದ ಹಾಗೇ ಬರೆಯುತ್ತೇನೆ.

ಅವ್ವ ಹೋದದ್ದು ಮರಿಯವ್ವನ ಬಳಿಗೆ. ಇಬ್ಬರೂ ಏನು ಮಾತಾಡಿಕೊಂಡರೋ, ಮರಿಯವ್ವ ಹೋಗಿ ಗೇಟಿಗೆ ಅಡ್ಡಲಾಗಿ ಮಲಗಿದಳು. ಮುದುಕಿ, ಬಿಸಿಲಿಗೆ ಸುಸ್ತಾಗಿದೆ, ಯಾರೇನು ಅನ್ನೋ ಹಾಗಿಲ್ಲ. ಹೊರಗೆ ಹೋಗುವವರಿಗೆ ಮಾತ್ರ ಬಾಲ ಎತ್ತಿ ದಾರಿ ಬಿಡುತ್ತಿದ್ದಳು. ಅವ್ವ ಅವಳ ಬೆನ್ನಿಗೆ ಒರಗಿ ಕೂತು ಬಂದವರಿಗೆಲ್ಲ ಹೇಳುತ್ತಿದ್ದಳು. "ಯಜಮಾನ್ರ ಸರದಿ ಬರೋತಂಕ ಒಂಚೂರು ತಡೀರಿ. ಮೂರು ಮೊಟ್ಟಿ ಜೀವ ಐತೆ." ಬಂದವರು ಬೈಯಲಿಲ್ಲ. ಬೇಲಿಯಾಚೆ ಕುಕ್ಕರಗಾಲಲ್ಲಿ ಕೂತು ಬೀಡಿ ಹಚ್ಚಿದರು. ಕಂಟ್ರಾಕ್ಟರು ಸಿಟ್ಟಿನಿಂದ ಬಂದವನು ಮರಿಯವ್ವ ಒಂದು ಸಲ ಆಕಳಿಸಿದ್ದನ್ನು ನೋಡಿ ಹೋಟೆಲಿಗೆ ವಾಪಸಾದ.

ನಾಲ್ಕು ನಲವತ್ತಕ್ಕೆ ಕ್ಯೂ ಖಾಲಿ. ಅಮಲ್ದಾರರೇ ಮೇಜು, ಗಡಿಯಾರ ಜಗುಲಿಗೆ ತರಿಸಿದರು. ಯಜಮಾನರು ಬಿದಿರಿನ ಗಳ ಎತ್ತಿಕೊಂಡವರು ಕಾಗದ ನೋಡಿ ನಿಂತರು.

"ಇದ್ರಾಗೆ ಇನ್ನೂ ಯಾರ್ಯಾರು ಬರೀಬೇಕ್ರಿ?"

ಸಾಕ್ಷಿಗಳು ಇಬ್ಬರು, ಅಮಲ್ದಾರರು ಅಂದೆ.

"ಅವ್ರು ಬರೀಲಿ. ನಾನು ಕಡೀಗೆ."

ಅರ್ಜಿದಾರ ಹಾಕದೆ ನಾನು ಹೇಗೆ ಹಾಕಲಿ ಅಂದರು ಅಮಲ್ದಾರರು. ನಾನು ಅವರಿಗೆ ಕೈ ಮುಗಿದೆ. ಅವರು ಗಡಿಯಾರ ನೋಡಿದರು, ಹಾಲೇಶಪ್ಪನವರನ್ನು ನೋಡಿದರು, ಆಮೇಲೆ ಯಜಮಾನರನ್ನು. "ಯಾರು ಮೊದಲು ಹಾಕಬೇಕು ಅಂತ ಆರ್ಡರಿನಲ್ಲಿ ಬರೆದಿಲ್ಲ" ಅಂದು ಸರಕ್ಕನೆ ರುಜು ಹಾಕಿದರು. ಮೊದಲ ಸಾಕ್ಷಿ ನಾನು. ಎರಡನೆಯದು? ಕಚೇರಿಯವರು ಹಾಕುವ ಹಾಗಿಲ್ಲ. ಕ್ಯೂ ಖಾಲಿ. ಹೊರಗಿನವರು ಒಳಗೆ ಬರಲು ಮರಿಯವ್ವ ಏಳಬೇಕು, ಅವಳಿಗೆ ನಿಜವಾಗಿಯೂ ನಿದ್ದೆ ಹತ್ತಿತ್ತು. ಒಳಗಿದ್ದದ್ದು ಅವ್ವ ಒಬ್ಬಳೇ.

ನಾಲ್ಕು ಐವತ್ತು. ಅವ್ವ ಪೆನ್ನು ಹಿಡಿದದ್ದು ಜನ್ಮದಲ್ಲಿ ಅದೇ ಮೊದಲು. ಮರಳಲ್ಲ, ಗಳವಲ್ಲ. 'ಕೊ' ಬರೆದು ನಿಂತಳು. ನಾನು ಬಾಯಿ ತೆರೆದೆ. ಯಜಮಾನರು ಮೆಲ್ಲಗೆ, "ಅವಸ್ರ ಇಲ್ಲ ಬರೀರಿ" ಅಂದರು. ಅವಸರ ಇಲ್ಲವಂತೆ! ನಾಲ್ಕು ನಿಮಿಷ. ಒಂದೊಂದು ಗೆರೆಗೂ ನನ್ನ ಜೀವ ಹೋಗಿ ಬಂತು. ಕೊಟ್ರವ್ವ. ಪೂರ್ತಿ. ಪಕ್ಕದಲ್ಲಿ ಅಭ್ಯಾಸಬಲದಿಂದ ಹೆಬ್ಬೆಟ್ಟು ಒತ್ತಲು ಹೋದಳು, ಆಮೇಲೆ ತಾನೇ ಕೈ ಹಿಂದೆಗೆದಳು.

ಆಮೇಲೆ ಉಜ್ಜನಪ್ಪನವರು. ಉಸಿರು ಬಿಗಿಹಿಡಿದು. ಕೊನೆಯ ಅಕ್ಷರದಲ್ಲಿ ಹೊಗೆ ಸ್ವಲ್ಪ ತಗುಲಿ ಹಾಳೆಯ ಮೂಲೆ ಕಂದಿತು, ಅಷ್ಟೇ. ಗಡಿಯಾರದಲ್ಲಿ ಐದಕ್ಕೆ ಎರಡು ನಿಮಿಷ ಇತ್ತು.

ಮುಖ ಆ ಕಡೆ ತಿರುಗಿಸಿ ಉಸಿರು ಬಿಟ್ಟರು. ಕಾಂಪೌಂಡಿನ ಬೇವಿನಮರದ ಚಿಗುರೆಲ್ಲ ಬಾಡಿತು. ಅದಕ್ಕೂ ಅಮಲ್ದಾರರಲ್ಲಿ ಕ್ಷಮೆ ಕೇಳಿದರು.

ಏಪ್ರಿಲ್ 1. ಮಂಗಳವಾರ. ಬೆಳಿಗ್ಗೆ 6-00

ಡೆಪ್ಯುಟೇಶನ್ ಮುಗಿಯಿತು. ಇವತ್ತು ಬಸ್ಸಿಲ್ಲ. ಆದರೂ ಐದಕ್ಕೇ ಎಚ್ಚರವಾಯಿತು.

ಒಡೆದ ಸ್ಲೇಟಿನ ರಿಪೋರ್ಟ್ ಬರೆಯಬೇಕು. ಒಂಬತ್ತು. ಇನ್ಸ್‌ಪೆಕ್ಟರು ಏನಂತಾರೋ. ಬೇವಿನಮರದ್ದು ಕೇಳದಿದ್ದರೆ ಸಾಕು. ಮಳೆಗಾಲ ಶುರುವಾದ ಮೇಲೆ ಒಂದು ಸಲ ಕರಿಬಂಡೆಗೆ ಹೋಗಿ, ಆ ಮೂರಕ್ಕೆ ಏನು ಹೆಸರು ಇಟ್ಟರು ಅಂತ ನೋಡಿ ಬರಬೇಕು. ಉದ್ದದ ಹೆಸರು ಇಟ್ಟಿದ್ದರೆ ನಾನಂತೂ ಕಲಿಸುವವಳಲ್ಲ, ಈಗಲೇ ಹೇಳಿಬಿಡುತ್ತೇನೆ.

ಅವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಪಕ್ಕದಲ್ಲಿ ಬಂದು ಕೂತಿದ್ದಾಳೆ. ಕೈಯೆಲ್ಲ ಹಿಟ್ಟು. ಇದೇನು ದಿನಾ ಬರೀತಿ, ಇದ್ರಾಗೆ ನನ್ನ ಹೆಸ್ರು ಐತಾ ಅಂತ ಕೇಳುತ್ತಿದ್ದಾಳೆ. ಐತೆ ಅಂದೆ. ಎಲ್ಲಿ ತೋರ್ಸು ಅಂದಳು. ತೋರಿಸಿದೆ. ನಾನು ಬರೆದದ್ದು ಚೆನ್ನಾಗಿಲ್ಲವಂತೆ, ತಾನೇ ಬರೆಯುತ್ತಾಳಂತೆ. ತಾಳವ್ವ, ಈ ಒಂದು ಸಾಲು ಮುಗಿಸಿ ಕೊಡ್ತೀನಿ ಅಂದರೆ ಆಗಲೇ ಪೆನ್ನಿಗೆ ಕೈ ಹಾಕಿದ್ದಾಳೆ. ಒಂದೇ ಒಂದು ಸಾಲು ಅವ್ವ, ಒಂದು —

ಇಲ್ಲ. ತಗೋ. ನೀನು ಮೊದಲು. ನಾನು